ಸೊಂಟವಲ್ಲ, ಮಂಡಿ ಬಗ್ಗಲಿ

ಮಡಿಕೇರಿಯ ಮಳೆಗಾಲದಲ್ಲಿ ನಮ್ಮ ಶಾಲೆಯ ಮೈದಾನದಲ್ಲಿ ಹಾಕಿ ಚೆಂಡು ಉರುಳುತ್ತಿರಲಿಲ್ಲ. ಕೆಸರಿನಲ್ಲಿ ಹೂತು ನಿಲ್ಲುತ್ತಿತ್ತು. ಆದರೂ ಪಿ.ಟಿ. ಮೇಷ್ಟ್ರು ಅಭ್ಯಾಸ ತಪ್ಪಿಸಿದವರಲ್ಲ. ಕೊಡೆ ಹಿಡಿದು ಗೆರೆಯ ಬಳಿ ನಿಂತು, "ಸೊಂಟವಲ್ಲ, ಮಂಡಿ ಬಗ್ಗಲಿ!" ಎಂದು ಕೂಗುತ್ತಿದ್ದರು. 1987ರಲ್ಲಿ ಹತ್ತನೆಯ ತರಗತಿ ಮುಗಿಸಿ ಹೊರಟ ನನಗೆ ಆ ಮಾತು ಮತ್ತೆ ಬೇಕಾದದ್ದು ಮೂವತ್ತು ವರ್ಷಗಳ ಮೇಲೆ, ಅಮೆರಿಕದ ಮೇರಿಲ್ಯಾಂಡಿನಲ್ಲಿ, ಒಂಬತ್ತು ಹತ್ತು ವರ್ಷದ ಹುಡುಗರಿಗೆ ಲ್ಯಾಕ್ರೋಸ್ ಕಲಿಸಲು ನಿಂತಾಗ.

ಮೇರಿಲ್ಯಾಂಡಿಗೆ ಲ್ಯಾಕ್ರೋಸ್ ಎಂದರೆ ನಮ್ಮ ಕೊಡಗಿಗೆ ಹಾಕಿ ಇದ್ದ ಹಾಗೆ. 2004ರಿಂದ ಅದು ಆ ರಾಜ್ಯದ ಅಧಿಕೃತ ತಂಡದ ಆಟ. ಮಗ ಸೇರಿಕೊಂಡ, ತರಬೇತಿಗೆ ಜನ ಸಾಲದಾಯಿತು, ಕೈಯಲ್ಲಿ ಕೋಲು ಹಿಡಿದು ಬೆಳೆದವನೆಂದು ನನ್ನನ್ನೂ ಕರೆದರು.

ಕೋಲಿನ ತುದಿಯಲ್ಲಿ ಸಣ್ಣ ಬಲೆ. ಸುಮಾರು 145 ಗ್ರಾಂ ತೂಕದ ಗಟ್ಟಿ ರಬ್ಬರ್ ಚೆಂಡನ್ನು ಅದರಲ್ಲೇ ಹಿಡಿಯಬೇಕು, ಹೊತ್ತು ಓಡಬೇಕು, ಎಸೆಯಬೇಕು. ಪುರುಷರ ಆಟದಲ್ಲಿ ಒಂದು ಕಡೆಗೆ 10 ಜನ, 110 ಗಜ ಉದ್ದದ ಮೈದಾನ. ಮಕ್ಕಳಿಗೆ ಇವೆರಡೂ ಕಡಿಮೆ. ಇಷ್ಟು ತಿಳಿಯಲು ಒಂದು ಸಂಜೆ ಸಾಕು. ಆದರೆ ಹಾಕಿಯ ಕಣ್ಣಿಗೆ ಒಗ್ಗದ ಸಂಗತಿಗಳು ಬೇರೆಯೇ ಇದ್ದವು. ಇಲ್ಲಿ ಗೋಲು ಮೈದಾನದ ಕೊನೆಯ ಗೆರೆಯ ಮೇಲೆ ಇರುವುದಿಲ್ಲ, ಒಳಗೆ ಇರುತ್ತದೆ. ಅದರ ಬೆನ್ನ ಹಿಂದೆಯೂ ಆಟ ನಡೆಯುತ್ತದೆ. ಹಿಂದಿನಿಂದ ಬಂದ ಪಾಸ್ ಹಿಡಿದು ಗೋಲು ಹೊಡೆಯುವುದನ್ನು ಕಂಡಾಗ ಗೋಲ್‌ಕೀಪರನ ಕಷ್ಟ ಅರ್ಥವಾಯಿತು. ಇನ್ನೊಂದು, ಗೋಲಿಗೆಂದು ಹೊಡೆದ ಚೆಂಡು ಗುರಿ ತಪ್ಪಿ ಹೊರಗೆ ಹೋದರೆ, ಅದು ಗೆರೆ ದಾಟುವ ಕ್ಷಣದಲ್ಲಿ ಯಾರು ಹತ್ತಿರ ಇದ್ದಾರೋ ಅವರ ಕಡೆಗೇ ಚೆಂಡು. ಹೊಡೆದವನ ತಂಡದವರೇ ಬೆನ್ನಟ್ಟಿ ಹೋಗಿ ಚೆಂಡನ್ನು ಉಳಿಸಿಕೊಳ್ಳಬಹುದು! ಇದನ್ನು ಮನಸ್ಸಿಗೆ ತಂದುಕೊಂಡ ಮೇಲೆಯೇ ನನಗೆ ಆಟ ಅರ್ಥವಾಗತೊಡಗಿದ್ದು.

ಚೆಂಡು ಬೀಳದಂತೆ ಕೋಲನ್ನು ಆಡಿಸುವುದಕ್ಕೆ ಇಲ್ಲಿನವರು ಹೇಳುವ ಮಾತು ‘ಕ್ರೇಡಲ್’, ಅಂದರೆ ತೊಟ್ಟಿಲಿನದೇ. ನಿಜಕ್ಕೂ ಅದು ತೂಗುವುದೇ. ಮಣಿಕಟ್ಟು ಒಳಗೆ ಮಡಚಿ, ಹೊರಗೆ ಬಿಚ್ಚಿ, ಹೆಜ್ಜೆಯ ಲಯಕ್ಕೆ ಸರಿಯಾಗಿ ತೂಗುತ್ತಿದ್ದರೆ ಚೆಂಡು ಬಲೆಗೆ ಒತ್ತಿಕೊಂಡು ಕೂರುತ್ತದೆ. ಒಬ್ಬ ಹುಡುಗ ಕೋಲನ್ನು ಎರಡು ಕೈಯಲ್ಲೂ ಬಿಗಿಯಾಗಿ ಹಿಡಿದು, ಚೆಂಡಿನಿಂದ ಕಣ್ಣು ಕೀಳದೆ, ತುಂಬಿದ ಬಿಂದಿಗೆ ಹೊತ್ತವನಂತೆ ನಡೆಯುತ್ತಿದ್ದ. ಚೆಂಡು ಪ್ರತಿ ಸಲವೂ ಬೀಳುತ್ತಿತ್ತು. ಮೇಲಿನ ಕೈಯ ಬೆರಳು ಸಡಿಲಿಸಿ, ನನ್ನ ಮುಖ ನೋಡುತ್ತಾ ಓಡಿ ಬಾ ಎಂದೆ. ಮೂರನೆಯ ಸಲ ಚೆಂಡಿನೊಡನೆ ನನ್ನ ತನಕ ಬಂದ. ಬಲೆಯೊಳಗೆ ಇಣುಕಿ ನೋಡಿ, ಇನ್ನೂ ಅಲ್ಲೇ ಇದೆ ಎಂದು ತೋರಿಸಿದ.

ಈ ವಯಸ್ಸಿನವರ ಆಟದಲ್ಲಿ ಪಾಸುಗಳು ಬಹಳಷ್ಟು ಕೈ ತಪ್ಪುತ್ತವೆ. ಚೆಂಡು ನೆಲದಲ್ಲೇ ಹೆಚ್ಚು ಹೊತ್ತು ಇರುತ್ತದೆ. ಆದ್ದರಿಂದ ನೆಲದ ಚೆಂಡನ್ನು ಎತ್ತಿಕೊಳ್ಳುವ ತಂಡವೇ ಗೆಲ್ಲುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ನಿಂತಲ್ಲಿಂದ ಕೋಲನ್ನು ಮೇಲಿನಿಂದ ಕುಕ್ಕಿದರೆ ಚೆಂಡು ಮುಂದಕ್ಕೆ ಚಿಮ್ಮುತ್ತದೆ. ಕೆಳಗಿನ ಕೈ ನೆಲಕ್ಕೆ ತಾಗುವಷ್ಟು ಇಳಿಯಬೇಕು, ಕೋಲು ಮಲಗಬೇಕು, ಓಟ ನಿಲ್ಲಬಾರದು. ಹುಡುಗರು ಬೆನ್ನು ಬಗ್ಗಿಸುತ್ತಿದ್ದರು. ಮೇಷ್ಟ್ರ ಮಾತನ್ನೇ ಇಂಗ್ಲಿಷಿನಲ್ಲಿ ಹೇಳಿದೆ, ಆಗಲಿಲ್ಲ. ಮೇಷ್ಟ್ರು ನಮಗೆ ಮಾಡಿಸುತ್ತಿದ್ದಂತೆ ಇಬ್ಬಿಬ್ಬರನ್ನು ನಿಲ್ಲಿಸಿ, ನಡುವೆ ಚೆಂಡು ಉರುಳಿಸಿ ಬಿಟ್ಟೆ. ಮಂಡಿ ತಾನಾಗಿ ಬಗ್ಗಿತು.

ಋತುವಿನ ಮೊದಲ ದಿನ ಆಟದ ಮೂಲವನ್ನೂ ಹೇಳುತ್ತೇನೆ. ಇದು ಉತ್ತರ ಅಮೆರಿಕದ ಹೊಡೆನೊಶೋನಿ ಮೊದಲಾದ ಮೂಲನಿವಾಸಿಗಳ ಆಟ. ಅವರಿಗೆ ಇದು ಸೃಷ್ಟಿಕರ್ತ ಕೊಟ್ಟದ್ದು; ಕಾಯಿಲೆ ಬಿದ್ದವರು ಗುಣವಾಗಲಿ ಎಂದೂ ಆಡುತ್ತಾರೆ. 1867ರಲ್ಲಿ ಮಾಂಟ್ರಿಯಲ್ಲಿನ ದಂತವೈದ್ಯ ವಿಲಿಯಂ ಜಾರ್ಜ್ ಬಿಯರ್ಸ್ ನಿಯಮ ಬರೆಯುವ ಎಷ್ಟೋ ಕಾಲ ಮೊದಲೇ ಅವರ ಹಿಕ್ಕರಿ ಮರದ ಕೋಲುಗಳಿದ್ದವು. ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಹೊಡೆನೊಶೋನಿಗಳದು ಇಂದಿಗೂ ಪ್ರತ್ಯೇಕ ತಂಡ. 2010ರಲ್ಲಿ ಇಂಗ್ಲೆಂಡಿನ ವಿಶ್ವ ಪಂದ್ಯಾವಳಿಗೆ ತಮ್ಮದೇ ಪಾಸ್‌ಪೋರ್ಟಿನಲ್ಲಿ ಹೋಗುತ್ತೇವೆಂದು ಹಟ ಹಿಡಿದು, ಆ ದೇಶ ಒಪ್ಪದಿದ್ದಾಗ ಪಂದ್ಯವನ್ನೇ ಬಿಟ್ಟರು. ಹುಡುಗರು ಇದನ್ನು ಕೇಳುವಾಗ ಕೋಲನ್ನು ನೆಲಕ್ಕೆ ಬಡಿಯುವುದನ್ನು ನಿಲ್ಲಿಸುತ್ತಾರೆ.

2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಆರು ಜನರ ಲ್ಯಾಕ್ರೋಸ್ ಇದೆ. ನಮ್ಮ ಶಾಲೆಯ ಮಕ್ಕಳೂ ನೋಡಲಿ ಎಂದು ಮುಂದಿನ ಸಲ ಊರಿಗೆ ಬರುವಾಗ ನಾಲ್ಕು ಕೋಲು, ಒಂದು ಡಜನ್ ಚೆಂಡು ತರುತ್ತೇನೆ. ಈ ಆಟ ಕಲಿಯುವವರು ಗೋಡೆಗೆ ಎಸೆದು ಎಸೆದೇ ಕೈ ಪಳಗಿಸಿಕೊಳ್ಳುತ್ತಾರೆ. ಶಾಲೆಯ ಅಡುಗೆ ಕೋಣೆಯ ಹಿಂದೆ ಕಿಟಕಿಯಿಲ್ಲದ ಉದ್ದನೆಯ ಗೋಡೆಯಿತ್ತಲ್ಲ, ನಾವು ಹಾಕಿ ಚೆಂಡು ಬಡಿದು ಸುಣ್ಣ ಕಿತ್ತ ಗೋಡೆ. ಅದನ್ನು ಸಂಜೆ ಒಂದು ಗಂಟೆ ಮಕ್ಕಳಿಗೆ ಬಿಟ್ಟುಕೊಡಬೇಕೆಂದು ಮುಖ್ಯೋಪಾಧ್ಯಾಯರಲ್ಲಿ ಕೇಳಿಕೊಳ್ಳುತ್ತೇನೆ. ಸುಣ್ಣದ ಖರ್ಚು ನನ್ನದು.