ಪಂಪಿಗೆ ಅಂಟಿದ ಅಯಸ್ಕಾಂತ

ಅಂಕೋಲಾ ಕಡೆ ಸಮುದ್ರದ ದಂಡೆಯಲ್ಲಿ ಸೀಗಡಿ ಮರಿ ಮಾಡುವ ಹ್ಯಾಚರಿಯೊಂದಿದೆ. ಅಲ್ಲಿನ ಉಪ್ಪುನೀರಿನ ಪಂಪು ವರ್ಷ ತುಂಬುವ ಮೊದಲೇ ಸೋರತೊಡಗಿತ್ತು. ಹೊಸದು ಯಾವ ಲೋಹದ್ದಿರಬೇಕು ಅಂತ ಹೇಳುವ ಕೆಲಸ ನನ್ನದು.

ಫಿಟ್ಟರ್ ಪಂಪು ಬಿಚ್ಚಿದರು. ನೀರು ಜೋರಾಗಿ ಹರಿಯುವ ಜಾಗ ಇನ್ನೂ ಫಳಫಳ ಅನ್ನುತ್ತಿತ್ತು. ಗ್ಯಾಸ್ಕೆಟ್ ಎಬ್ಬಿಸಿದರೆ ಅಡಿಯಲ್ಲಿ ಕಂದು ಕಲೆ, ಸೂಜಿ ಚುಚ್ಚಿದಂಥ ತೂತುಗಳು. ಒಂದರೊಳಗೆ ಸಣ್ಣ ತಂತಿ ತೂರಿಸಿದೆ. ಹೋಗುತ್ತಲೇ ಇತ್ತು.

"ಸ್ಟೀಲಿಗೆ ತುಕ್ಕು ಹಿಡಿಯೋದಿಲ್ಲ ಅಂದಿದ್ರಲ್ಲ ಮಾರಾಯ್ರೇ," ಅಂದರು ಮಾಲೀಕರು.

ಹಿಡಿಯುತ್ತದೆ. ಸ್ಟೇನ್‌ಲೆಸ್ ಸ್ಟೀಲನ್ನು ಕಾಯುವುದು ಮೈಮೇಲಿನ ಕ್ರೋಮಿಯಂ ಆಕ್ಸೈಡಿನ ತೆಳು ಪದರ. ಅದು ಕಿತ್ತುಹೋದರೆ ಮತ್ತೆ ಕೂಡಿಕೊಳ್ಳಲು ಆಕ್ಸಿಜನ್ ಬೇಕು. ಗ್ಯಾಸ್ಕೆಟ್ ಸಂದಿಯಲ್ಲಿ ನಿಂತ ನೀರಿನಲ್ಲಿ ಆಕ್ಸಿಜನ್ ಮುಗಿದುಹೋಗುತ್ತದೆ, ಕ್ಲೋರೈಡ್ ಮಾತ್ರ ಸೇರುತ್ತಾ ಹೋಗುತ್ತದೆ. ಅವರ ಪಂಪು 304 ಅನ್ನುವ ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನದು. ಶೇ 18 ಕ್ರೋಮಿಯಂ, ಶೇ 8 ನಿಕ್ಕಲ್. ಅಡುಗೆಮನೆಗೆ ಧಾರಾಳ ಆಯಿತು. ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುವ ನೀರಿಗೆ ಸಾಲದು. 316 ದರ್ಜೆಯಲ್ಲಿ ತೂತು ಬೀಳದಂತೆ ತಡೆಯುವ ಮಾಲಿಬ್ಡಿನಂ ಲೋಹ ಶೇ 2-3 ಇರುವುದರಿಂದ ಸ್ವಲ್ಪ ವಾಸಿ. ಆದರೆ ಪಂಪು ನಿಲ್ಲಿಸಿ ನೀರು ಒಳಗೇ ಬಿಟ್ಟರೆ ಅದಕ್ಕೂ ಇದೇ ಗತಿ.

ಫಿಟ್ಟರ್ ಬೋಟಿನ ಕೆಲಸದಲ್ಲೇ ಪಳಗಿದವರು. "ಬೋಟಿನ ಪ್ರೊಪೆಲ್ಲರ್ ಕಂಚಿನದ್ದೇ ಅಲ್ವಾ? ಅದನ್ನೇ ಹಾಕಿ," ಅಂದರು. ತೂತು ಬೀಳುವ ಲೆಕ್ಕದಲ್ಲಿ ಅವರ ಮಾತು ಸರಿ. ತೊಂದರೆ ಇದ್ದದ್ದು ಮರಿಗಳದ್ದು. ಬೋಟಿನ ಅಡಿಗೆ ಚಿಪ್ಪು, ಪಾಚಿ ಹಿಡಿಯದಿರಲಿ ಅಂತ ತಾಮ್ರ ಬೆರೆಸಿದ ಪೇಂಟು ಬಳಿಯುತ್ತಾರೆ, ತಾಮ್ರ ಆ ಜೀವಗಳಿಗೆ ವಿಷ ಅಂತ. ಸೀಗಡಿ ಮರಿಗೂ ಅದು ವಿಷವೇ. ತಾಮ್ರ ಬಿಡುವ ಕಂಚು ಇಲ್ಲಿ ಬೇಡವೇ ಬೇಡ ಅಂದೆ. ಅವರು ತಲೆ ಕೆರೆದುಕೊಂಡು, "ಹೌದಲ್ಲ," ಅಂದರು.

ಪೈಪಿಗೆ ಲೋಹವೇ ಬೇಡ, ಗಟ್ಟಿ ಪ್ಲಾಸ್ಟಿಕ್ಕಾದ ಎಚ್‌ಡಿಪಿಇ ಸಾಕು ಅಂತಾಯಿತು. ಪಂಪಿಗೆ 2205 ಡ್ಯುಪ್ಲೆಕ್ಸ್ ಅನ್ನುವ ಇನ್ನೂ ಗಟ್ಟಿ ಸ್ಟೇನ್‌ಲೆಸ್ ಸ್ಟೀಲು ಬರೆದುಕೊಟ್ಟೆ. ಶೇ 22 ಕ್ರೋಮಿಯಂ, ಶೇ 3 ಮಾಲಿಬ್ಡಿನಂ, ಜೊತೆಗೆ ಒಂಚೂರು ನೈಟ್ರೋಜನ್. ಅದೂ ಅಜರಾಮರ ಏನಲ್ಲ, ನಿಲ್ಲಿಸಿದಾಗಲೆಲ್ಲ ಸಿಹಿನೀರಲ್ಲಿ ತೊಳೆಯಲೇಬೇಕು. ರೇಟು ನೋಡಿ ಮಾಲೀಕರು ಚಹಾ ಅರ್ಧಕ್ಕೇ ಇಟ್ಟರು.

ಪಂಪು ಬಂತು. ಮರುದಿನ ಬೆಳಿಗ್ಗೆಯೇ ಫೋನು. "ಮೋಸ ಆಯ್ತು! ಅಯಸ್ಕಾಂತ ಕಚ್ಚಿಕೊಂಡು ಕೂತಿದೆ. ಇದು ಬರೀ ಕಬ್ಬಿಣ."

ಡ್ಯುಪ್ಲೆಕ್ಸಿನಲ್ಲಿ ಹೆಚ್ಚುಕಡಿಮೆ ಅರ್ಧ ಫೆರೈಟ್, ಅಂದರೆ ಅಯಸ್ಕಾಂತ ಹಿಡಿಯುವಂಥ ಹರಳು ರಚನೆಯ ಸ್ಟೀಲು, ಅದಕ್ಕೇ ಅಂಟುತ್ತದೆ. 304ಕ್ಕೂ 316ಕ್ಕೂ ಅಷ್ಟಾಗಿ ಅಂಟುವುದಿಲ್ಲ, ಹಾಗಾಗಿ ಅವೆರಡರಲ್ಲಿ ಯಾವುದು ಯಾವುದು ಅಂತಲೂ ಅಯಸ್ಕಾಂತ ಹೇಳಲಾರದು. ಟೆಸ್ಟ್ ಸರ್ಟಿಫಿಕೇಟ್ ತೋರಿಸಿದೆ. ಕಾಗದ ಯಾರೂ ಬರೀಬಹುದು ಅಂದರು. ಕೊನೆಗೆ ಹುಬ್ಬಳ್ಳಿಯಿಂದ ಲೋಹ ಪರೀಕ್ಷಿಸುವ ಎಕ್ಸ್-ರೇ ಗನ್ ತರಿಸಿ, ಅವರ ಕಣ್ಣೆದುರೇ ಪಂಪಿಗೆ ಹಿಡಿಸಿದೆ. ಕೆಲವೇ ಸೆಕೆಂಡಿನಲ್ಲಿ ಪರದೆಯಲ್ಲಿ 22, 3 ಎಲ್ಲ ಮೂಡಿತು. ಮಾಲೀಕರು ಕನ್ನಡಕ ಏರಿಸಿ ಎರಡು ಸಲ ಓದಿದರು.

"ಆಯ್ತಪ್ಪ," ಅಂದರು, "ಆದ್ರೂ ಅಂಟ್ತದಲ್ಲ!"