ಒಳ್ಳೆಯ ನರಕ್ಕೆ ಯಾಕೆ ಕರೆಂಟು?

"ಜೋಮು ಹಿಡಿಯೋದು ಈ ಕಡೆ, ನೀವ್ಯಾಕೆ ಆ ಕಡೆ ಕರೆಂಟ್ ಕೊಡ್ತೀರಿ?"

ಪೇಷಂಟುಗಳು ನನ್ನನ್ನು ಕೇಳುವ ಪ್ರಶ್ನೆ ಇದು. ನರ್ವ್ ಕಂಡಕ್ಷನ್ ಟೆಸ್ಟ್, ಅಂದರೆ ನರಕ್ಕೆ ಕರೆಂಟ್ ಕೊಟ್ಟು ಅದರ ವೇಗ ಅಳೆಯುವುದು, ನನ್ನ ಹೊಟ್ಟೆಪಾಡು. ಮೊದಮೊದಲು ಚಿತ್ರ ಬರೆದು ತೋರಿಸುತ್ತಿದ್ದೆ. ಈಗ ಇಲ್ಲಿ ಬರೆದಿಟ್ಟಿದ್ದೇನೆ, ಓದಿಕೊಳ್ಳಿ.

ಕಾರ್ಪಲ್ ಟನೆಲ್ ಅಂದರೆ ಮಣಿಕಟ್ಟಿನ ಸುರಂಗ. ಅಲ್ಲಿ ಇಕ್ಕಟ್ಟಿಗೆ ಸಿಕ್ಕಿ ಬೆರಳಿಗೆ ಜೋಮು ಹಿಡಿಸುವುದು ಮೀಡಿಯನ್ ನರ. ಹೆಬ್ಬೆರಳು, ತೋರುಬೆರಳು, ನಡುಬೆರಳು ಅದರ ಪಾಲು. ಕಿರುಬೆರಳು ಅಲ್ನಾರ್ ನರದ್ದು. ಅದು ಆ ಸುರಂಗಕ್ಕೆ ಕಾಲಿಡುವುದೇ ಇಲ್ಲ. ಉಂಗುರದ ಬೆರಳು ಮಾತ್ರ ಅಣ್ಣತಮ್ಮಂದಿರ ಆಸ್ತಿ, ಅರ್ಧ ಅರ್ಧ. 14 ಸೆಂಟಿಮೀಟರ್ ದೂರದಿಂದ ಎರಡಕ್ಕೂ ಕರೆಂಟ್ ಕೊಟ್ಟು, ಆ ಒಂದೇ ಬೆರಳಿಗೆ ಯಾವುದು ಎಷ್ಟು ಬೇಗ ಮುಟ್ಟಿತು ಅಂತ ನೋಡುತ್ತೇವೆ. ಮೀಡಿಯನ್ ಅರ್ಧ ಮಿಲಿಸೆಕೆಂಡ್ ಹಿಂದೆ ಬಿದ್ದರೂ ನಾನು ಕಿವಿ ನಿಮಿರಿಸುತ್ತೇನೆ. ಮೀಡಿಯನ್ ಒಂದನ್ನೇ ಅಳೆದರೆ ಶುರುವಿನ ಕೇಸು ಎಷ್ಟೋ ಸಲ ಕೈ ತಪ್ಪುತ್ತದೆ. ಹೆಬ್ಬೆರಳ ಬುಡದ ಸ್ನಾಯು ಕುಣಿಸಿ ನೋಡುವ ಮೋಟಾರ್ ಟೆಸ್ಟಿನಲ್ಲಂತೂ ದೋಷ ಸಾಮಾನ್ಯವಾಗಿ ಇನ್ನೂ ತಡವಾಗಿ ಕಾಣುತ್ತದೆ.

ಬಿಲ್ ಬೆಳೆಸೋಕೆ ಅಂತ ಮುಖಕ್ಕೇ ಅಂದವರು ಒಬ್ಬ ನಿವೃತ್ತ ಮೇಷ್ಟ್ರು. ಡಿಸೆಂಬರ್ ಬೆಳಿಗ್ಗೆ. ಅಳೆದರೆ ಎರಡೂ ನರ ನಿಧಾನ. ಶುಗರ್ ಇದೆಯಾ ಅಂದೆ, ಇಲ್ಲ ಅಂದರು, ಅದಕ್ಕೂ ಸಿಟ್ಟಾದರು. ಆಮೇಲೆ ಕೈ ಮುಟ್ಟಿದೆ. ಮಂಜುಗಡ್ಡೆ! ಸ್ಕೂಟರಿನಲ್ಲಿ ಬಂದಿದ್ದರು. ಮೊದಲೇ ಮುಟ್ಟಿ ನೋಡದ್ದು ನನ್ನ ತಪ್ಪು, ಒಪ್ಪುತ್ತೇನೆ.

ಇಷ್ಟು ವರ್ಷದಲ್ಲಿ ಒಬ್ಬರಾದರೂ "ನನ್ನ ಕೈ ತಣ್ಣಗಿದೆ, ನಡೆಯುತ್ತಾ?" ಅಂತ ಕೇಳಿದ್ದರೆ ಕಾಫಿ ಕುಡಿಸುತ್ತಿದ್ದೆ. ನಡೆಯಲ್ಲ ಸ್ವಾಮಿ. ತಣ್ಣಗಾದ ನರ ಸೋಮಾರಿ. ಚರ್ಮ 32 ಡಿಗ್ರಿಗಿಂತ ಕೆಳಗಿದ್ದರೆ ಒಳ್ಳೆಯ ನರವೂ ಕಾಯಿಲೆಯದರ ಹಾಗೆ ಕಾಣುತ್ತದೆ. ಬಿಸಿನೀರಿನಲ್ಲಿ ಕೈ ಅದ್ದಿಸಿ ಕೂರಿಸಿದರೆ "ಇದೇನು ಬ್ಯೂಟಿ ಪಾರ್ಲರಾ?" ಅನ್ನುತ್ತೀರಿ.

ಮೇಷ್ಟ್ರೂ ಅಂದರು. ಆದರೂ ಅದ್ದಿದರು. ಮತ್ತೆ ಅಳೆದಾಗ ಅಲ್ನಾರ್ ತನ್ನ ವೇಗಕ್ಕೆ ಮರಳಿತು, ಮೀಡಿಯನ್ ಮಾತ್ರ ಹಿಂದೆಯೇ ಉಳಿಯಿತು. ನೋಡಿ ಸಾರ್, ಈ ಒಳ್ಳೆಯ ನರ ಸಾಕ್ಷಿ ಹೇಳದಿದ್ದರೆ ತಪ್ಪು ಚಳಿಯದೋ ಸುರಂಗದ್ದೋ ಅಂತ ಹೇಗೆ ಗೊತ್ತಾಗುತ್ತಿತ್ತು ಅಂದೆ. ಮೇಷ್ಟ್ರು ಕೈ ಒರೆಸಿಕೊಂಡು ಸ್ವಲ್ಪ ಯೋಚಿಸಿದರು.

"ಹಾಗಾದ್ರೆ ಆ ನರದ ದುಡ್ಡು ಬಿಟ್ಟುಬಿಡಿ. ಅದು ಸರಿಯಾಗೇ ಇದೆಯಲ್ಲ."