ಸಮ್ಮೇಳನ ಅವಳದು, ಮೈಸೂರು ನಮ್ಮೆಲ್ಲರದು

ಫೆಬ್ರವರಿಯಲ್ಲಿ ಹೆಂಡತಿಗೆ ಮೈಸೂರಿನಲ್ಲಿ ವೈದ್ಯರ ಸಮ್ಮೇಳನ ಇತ್ತು. ಭಾನುವಾರದಿಂದ ಮಂಗಳವಾರದವರೆಗೆ, ಮೂರು ದಿನ. ಮನೆಯವರೂ ಬರಬಹುದು ಅಂದಿದ್ದರು. ನಾನು, ನಮ್ಮತ್ತೆ ಇಬ್ಬರೂ ಹೊರಟೆವು. ಹೀಗೆ ಜೊತೆಗೆ ಹೋಗುವವರಿಗೆ ಎರಡು ಮಾತು ಹೇಳಬೇಕು ಅನ್ನಿಸಿತು.

ಮೊದಲು ವಾರ ನೋಡಿಕೊಳ್ಳಿ. ಅರಮನೆಯ ದೀಪಾಲಂಕಾರ ಭಾನುವಾರ ಮತ್ತು ಸರ್ಕಾರಿ ರಜಾದಿನಗಳ ಸಂಜೆ 7ರ ಹೊತ್ತಿಗೆ. ನಮ್ಮ ಸ್ವಾಗತ ಭೋಜನವೂ ಅದೇ ಹೊತ್ತಿಗೆ ಇತ್ತು! ನಾವು ಮೊದಲು ಅರಮನೆಗೇ ಹೋದೆವು. ಲಕ್ಷದ ಹತ್ತಿರ ಬಲ್ಬುಗಳು ಒಟ್ಟಿಗೆ ಹೊತ್ತಿಕೊಂಡಾಗ ಅತ್ತೆ ಕೈ ಮುಗಿದುಬಿಟ್ಟರು. ಆಮೇಲೆ ಹೋದರೂ ಊಟ ಸಿಕ್ಕಿತು, ಭಾಷಣಗಳು ಇನ್ನೂ ಮುಗಿದಿರಲಿಲ್ಲ. ಹಿರಿಯರು ಜೊತೆಗಿದ್ದರೆ ಐದೂವರೆಗೇ ಒಂದು ಮಸಾಲೆ ದೋಸೆ ತಿನ್ನಿಸಿ. ಇಂಥ ಊಟಗಳು ತಡವಾಗುತ್ತವೆ.

ಸೋಮವಾರ ಅತಿಥಿಗಳಿಗೆಂದೇ ಬಸ್ಸು. ರಂಗನತಿಟ್ಟಿನಲ್ಲಿ ದೋಣಿ ಹತ್ತಿದೆವು. ಗೂಡು ಕಟ್ಟುವ ಕಾಲ, ಮರದ ತುಂಬಾ ಕೊಕ್ಕರೆ. ಬಂಡೆ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆ. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್‌ಗೆ ಕೊಟ್ಟಿದ್ದು ಬರೀ ಇಪ್ಪತ್ತು ನಿಮಿಷ. ಹೈದರ್, ಟಿಪ್ಪು ಬ್ರಿಟಿಷರನ್ನು ಸೋಲಿಸಿದ ಪೊಲ್ಲಿಲೂರು ಯುದ್ಧದ ಚಿತ್ರ ಗೋಡೆಯ ಮೇಲಿದೆ, ಅದಕ್ಕೇ ಅಷ್ಟು ಹೊತ್ತು ಬೇಕು.

ಸೋಮನಾಥಪುರದ ಕೇಶವ ದೇವಸ್ಥಾನ ತಲುಪಿದಾಗ ಮಧ್ಯಾಹ್ನ ಒಂದು ಗಂಟೆ. ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು. ಕಲ್ಲು ಹಂಚಿನ ಹಾಗೆ ಕಾದಿತ್ತು. ಅತ್ತೆಗೆ ನಾಲ್ಕು ಹೆಜ್ಜೆ ಇಡಲೂ ಆಗಲಿಲ್ಲ. ನೆರಳಿನಲ್ಲಿ ಕೂತು, "ನೀನು ನೋಡ್ಕೊಂಡು ಬಾ" ಅಂದರು. ನನಗೆ ತುಂಬಾ ಬೇಜಾರಾಯಿತು. ಬಸ್ಸಿಗೆ ಹೆಸರು ಕೊಡುವ ಮೊದಲು ಯಾವ ಜಾಗಕ್ಕೆ ಎಷ್ಟು ಗಂಟೆಗೆ ಹೋಗುತ್ತದೆ ಅಂತ ಕೇಳಿ. ಬಿಸಿಲಿನ ತಿಂಗಳಾದರೆ ಒಂದು ಜೊತೆ ದಪ್ಪ ಕಾಲುಚೀಲ ಇಟ್ಟುಕೊಳ್ಳಿ.

ಮಂಗಳವಾರ ಮೃಗಾಲಯಕ್ಕೆ ರಜೆ. ಅದೂ ಒಳ್ಳೆಯದೇ ಆಯಿತು. ಹೆಂಡತಿಯ ಪ್ರಬಂಧ ಹಿಂದಿನ ದಿನವೇ ಮುಗಿದಿತ್ತು. ಬೆಳಗಿನ ಗೋಷ್ಠಿ ಬಿಟ್ಟು ಅವಳೂ ಬಂದಳು. ಬಾಡಿಗೆ ಕಾರು ಮಾಡಿಕೊಂಡು ಮತ್ತೆ ಸೋಮನಾಥಪುರಕ್ಕೇ ಹೋದೆವು. ಮೈಸೂರಿನಿಂದ ಸುಮಾರು 35 ಕಿ.ಮೀ. ದಾರಿಯುದ್ದಕ್ಕೂ ಗದ್ದೆ, ಕಬ್ಬು. ಒಂಬತ್ತರ ಹೊತ್ತಿಗೆ ಕಲ್ಲು ಇನ್ನೂ ತಣ್ಣಗಿತ್ತು, ಜನವೂ ಕಡಿಮೆ.

ಹೊಯ್ಸಳ ದಂಡನಾಯಕ ಸೋಮನಾಥ ಹದಿಮೂರನೇ ಶತಮಾನದಲ್ಲಿ ಕಟ್ಟಿಸಿದ ದೇವಸ್ಥಾನ ಇದು. ಕೇಶವ, ಜನಾರ್ದನ, ವೇಣುಗೋಪಾಲ, ಮೂರು ಗರ್ಭಗುಡಿ. ಇಲ್ಲಿ ಪೂಜೆ ನಡೆಯುವುದಿಲ್ಲ, ಹಾಗಾಗಿ ಸುಮ್ನೆ ನಿಂತು ನೋಡಬಹುದು. ಒಳಗೆ ಹೋದವರು ಮರೆಯದೆ ತಲೆ ಎತ್ತಿ. ಒಂದು ಛಾವಣಿಯ ಹಾಗೆ ಇನ್ನೊಂದಿಲ್ಲ. ಕತ್ತಲಿರುತ್ತದೆ, ಸಣ್ಣ ಟಾರ್ಚ್ ಬೇಕು. "ಬಾಳೆಮೂತಿ ನೋಡು!" ಅಂತ ಅತ್ತೆ ತೋರಿಸಿದರು. ಹೌದು, ಕಲ್ಲಿನಲ್ಲಿ ಕೆತ್ತಿದ ಬಾಳೆಮೂತಿ. ಹೊರಗೋಡೆಯ ವಿಗ್ರಹಗಳ ಕೆಳಗೆ ಶಿಲ್ಪಿಗಳು ಹೆಸರು ಕೆತ್ತಿದ್ದಾರೆ, ಆ ಕಾಲದ ಕನ್ನಡ ಅಕ್ಷರದಲ್ಲಿ. ಮಲ್ಲಿತಮ್ಮ ಅನ್ನುವ ಹೆಸರು ಮತ್ತೆ ಮತ್ತೆ ಬರುತ್ತದೆ. ಅಮ್ಮ, ಮಗಳು ಪಕ್ಕಪಕ್ಕ ಬಗ್ಗಿ ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಅರ್ಧ ಗಂಟೆ ಅಂದುಕೊಂಡು ಹೋದವರು ಎರಡೂವರೆ ಗಂಟೆ ಇದ್ದೆವು.

ವಾಪಸ್ ಬರುವಾಗ ದೇವರಾಜ ಮಾರುಕಟ್ಟೆಯಲ್ಲಿ ಮಲ್ಲಿಗೆ, ವೀಳ್ಯದೆಲೆ ತೆಗೆದುಕೊಂಡೆವು. ಸಮಾರೋಪಕ್ಕೆ ಅವಳು ಮಲ್ಲಿಗೆ ಮುಡಿದೇ ಹೋದಳು.